ಮೂಳೆ ಹೇಳಿದ ಸತ್ಯ, ದುಡ್ಡು ತೆರೆಸಿದ ಬಾಗಿಲು

1935ರ ಮೇ 25ರಂದು ಅಮೆರಿಕದ ಆ್ಯನ್ ಆರ್ಬರ್‌ನಲ್ಲಿ ನಡೆದ ಕ್ರೀಡಾಕೂಟದಲ್ಲಿ ಜೆಸ್ಸಿ ಓವೆನ್ಸ್ ಮುಕ್ಕಾಲು ಗಂಟೆಯೊಳಗೆ ಮೂರು ವಿಶ್ವದಾಖಲೆಗಳನ್ನು ಮುರಿದು ನಾಲ್ಕನೆಯದನ್ನು ಸರಿಗಟ್ಟಿದರು. ಆ ಹೊತ್ತಿಗಾಗಲೇ ಅಲ್ಲಿನ ಓಟದ ಕಣಗಳಲ್ಲಿ ಕಪ್ಪು ಯುವಕರು ಒಬ್ಬರ ಹಿಂದೊಬ್ಬರು ಗೆಲ್ಲತೊಡಗಿದ್ದರು. ಇದಕ್ಕೆ ಕೆಲವರು ಸಿದ್ಧ ಕಾರಣವೊಂದನ್ನು ಹುಡುಕಿಟ್ಟಿದ್ದರು: ಕಪ್ಪು ಜನರ ಹಿಮ್ಮಡಿ ಮೂಳೆ ಉದ್ದ, ಅವರ ಮೀನಖಂಡದ ರಚನೆಯೇ ಬೇರೆ, ಓಟ ಅವರಿಗೆ ಹುಟ್ಟಿನಿಂದಲೇ ಬಂದದ್ದು.

ಮೇಲ್ನೋಟಕ್ಕೆ ಇದು ಹೊಗಳಿಕೆ. ಒಳಗೆ ಎರಡು ಏಟುಗಳಿವೆ. ಓವೆನ್ಸ್ ವರ್ಷಗಟ್ಟಲೆ ಬೆವರು ಹರಿಸಿ ಗಳಿಸಿದ್ದನ್ನು ಹಿಮ್ಮಡಿಯ ಲೆಕ್ಕಕ್ಕೆ ಜಮಾ ಮಾಡುವುದು ಮೊದಲನೆಯದು. ಜನಾಂಗದ ಗುಣ ಕಾಲಿನಲ್ಲಿದೆ ಎಂದು ಒಮ್ಮೆ ಒಪ್ಪಿಸಿಬಿಟ್ಟರೆ ತಲೆಯಲ್ಲೂ ಇದೆ ಎಂದು ಒಪ್ಪಿಸುವುದು ಸುಲಭ. ಅದು ಎರಡನೆಯದು.

ಈ ಮಾತನ್ನು ಎಕ್ಸ್‌ರೇ ಮತ್ತು ಅಳತೆಪಟ್ಟಿಯಿಂದ ಪರೀಕ್ಷಿಸಿದವರು ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ವೈದ್ಯ ಡಾ. ವಿಲಿಯಂ ಮಾಂಟೇಗ್ ಕಾಬ್. ಸ್ವತಃ ಕಪ್ಪು ಸಮುದಾಯದವರಾದ ಅವರ ಹೆಸರು ನಮ್ಮಲ್ಲಿ ಹೆಚ್ಚು ಕೇಳಿಬಂದಿಲ್ಲ. ಆದರೆ ಅವರ ವೃತ್ತಿಜೀವನವನ್ನು ಸಾವಧಾನವಾಗಿ ನೋಡಿದರೆ ಎಲ್ಲ ಕಾಲಕ್ಕೂ ಬೇಕಾದ ಒಂದು ಪ್ರಶ್ನೆಗೆ ಉತ್ತರ ಸಿಗುತ್ತದೆ. ಒಂದು ನಂಬಿಕೆ ಸುಳ್ಳೆಂದು ವಿಜ್ಞಾನ ಸಾಬೀತು ಮಾಡಿದ ಮೇಲೆ, ಆ ನಂಬಿಕೆಯ ಮೇಲೆ ಕಟ್ಟಿದ ವ್ಯವಸ್ಥೆ ತಾನಾಗಿ ಕುಸಿಯುತ್ತದೆಯೇ?

ಎರಡೇ ಕಾಲೇಜು

ಕಾಬ್ ಹುಟ್ಟಿದ್ದು 1904ರಲ್ಲಿ, ವಾಷಿಂಗ್ಟನ್ನಿನಲ್ಲಿ. ತಂದೆಯದು ಮುದ್ರಣದ ಕೆಲಸ. ಕಪ್ಪು ಮಕ್ಕಳಿಗೆಂದೇ ಇದ್ದ, ಓದಿಗೆ ಹೆಸರಾದ ಡನ್‌ಬಾರ್ ಹೈಸ್ಕೂಲು, ಆಮೇಲೆ ಆಮ್‌ಹರ್ಸ್ಟ್ ಕಾಲೇಜು, 1929ರಲ್ಲಿ ಹೋವರ್ಡ್‌ನಿಂದ ವೈದ್ಯಕೀಯ ಪದವಿ.

ಹೋವರ್ಡ್ ಎಂದರೆ ಏನೆಂಬುದನ್ನು ಇಲ್ಲಿ ಹೇಳಬೇಕು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕದ ವೈದ್ಯಕೀಯ ಕಾಲೇಜುಗಳ ಗುಣಮಟ್ಟದ ಬಗ್ಗೆ ಕಟುವಾದ ವರದಿ ಕೊಟ್ಟರು. ಕಪ್ಪು ವಿದ್ಯಾರ್ಥಿಗಳಿಗಾಗಿ ಆಗ ಏಳು ವೈದ್ಯಕೀಯ ಕಾಲೇಜುಗಳಿದ್ದವು. ಅವುಗಳಲ್ಲಿ ಉಳಿಸಿಕೊಳ್ಳಲು ಯೋಗ್ಯವಾದವು ಎರಡೇ ಎಂದು ವರದಿ ಹೇಳಿತು: ವಾಷಿಂಗ್ಟನ್ನಿನ ಹೋವರ್ಡ್ ಮತ್ತು ಟೆನೆಸ್ಸಿಯ ಮೆಹ್ಯಾರಿ. ಮಿಕ್ಕ ಐದೂ ಕ್ರಮೇಣ ಮುಚ್ಚಿದವು. ಬಿಳಿಯರ ಕಾಲೇಜುಗಳು ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಿದ್ದುದು ಬೆರಳೆಣಿಕೆಯಷ್ಟು. ಹೀಗಾಗಿ ಕೋಟಿ ದಾಟಿದ ಸಮುದಾಯವೊಂದಕ್ಕೆ ವೈದ್ಯರನ್ನು ತಯಾರು ಮಾಡುವ ಹೊಣೆ ಬಹುಪಾಲು ಈ ಎರಡು ಕಾಲೇಜುಗಳ ಮೇಲೆ ಬಿತ್ತು.

1929ರಲ್ಲಿ ಹೋವರ್ಡ್ ವೈದ್ಯಕೀಯ ಕಾಲೇಜಿಗೆ ಮೊದಲ ಬಾರಿಗೆ ಕಪ್ಪು ಡೀನ್ ಬಂದರು, ನ್ಯೂಮಾ ಆ್ಯಡಮ್ಸ್. ಬುದ್ಧಿವಂತ ಯುವ ವೈದ್ಯರನ್ನು ಆರಿಸಿ ದೇಶದ ಒಳ್ಳೆಯ ವಿಶ್ವವಿದ್ಯಾಲಯಗಳಿಗೆ ಕಳಿಸಿ, ತರಬೇತಾಗಿ ಬಂದವರಿಂದ ಕಾಲೇಜನ್ನು ಹೊಸದಾಗಿ ಕಟ್ಟುವುದು ಅವರ ಯೋಜನೆ. ಕಾಬ್ ಪಾಲಿಗೆ ಬಂದದ್ದು ಕ್ಲೀವ್‌ಲ್ಯಾಂಡಿನ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ. ಅಲ್ಲಿ ವಿಂಗೇಟ್ ಟಾಡ್ ಎಂಬ ಅಂಗರಚನಾಶಾಸ್ತ್ರಜ್ಞರು ಮೂರು ಸಾವಿರದಷ್ಟು ಅಸ್ಥಿಪಂಜರಗಳ ದೊಡ್ಡ ಸಂಗ್ರಹವನ್ನು ಬೆಳೆಸಿದ್ದರು. ಸತ್ತವರ ವಯಸ್ಸು, ಲಿಂಗ, ಸಾವಿನ ಕಾರಣಗಳ ದಾಖಲೆ ಜೊತೆಗಿದ್ದದ್ದು ಅದರ ಹೆಚ್ಚುಗಾರಿಕೆ. ವಯಸ್ಸಿನೊಂದಿಗೆ ಮೂಳೆ ಹೇಗೆ ಬದಲಾಗುತ್ತದೆ, ಯಾವ ವ್ಯತ್ಯಾಸ ಸಹಜ, ಯಾವುದು ರೋಗದ ಗುರುತು ಎಂಬುದನ್ನು ಊಹೆಯಿಲ್ಲದೆ ಹೇಳಲು ಇಂಥ ದಾಖಲೆ ಬೇಕು. 1932ರಲ್ಲಿ ಕಾಬ್ ಅಲ್ಲಿಂದ ಪಿಎಚ್.ಡಿ. ಪಡೆದರು. ಭೌತಿಕ ಮಾನವಶಾಸ್ತ್ರದಲ್ಲಿ ಆ ಪದವಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಅವರೇ. ಅದೇ ವರ್ಷ ಹೋವರ್ಡ್‌ಗೆ ಮರಳಿ ಅಂಥದೇ ಪ್ರಯೋಗಾಲಯವನ್ನು ಕಟ್ಟತೊಡಗಿದರು.

ಅಳೆಯುವವನ ಕಣ್ಣು

ಅಳತೆ ಎಂದರೆ ನಿಷ್ಪಕ್ಷಪಾತ ಎಂದು ನಾವು ಭಾವಿಸುತ್ತೇವೆ. ಮಿದುಳು, ಬುರುಡೆಗಳ ಅಳತೆಯ ಇತಿಹಾಸ ಹಾಗೆ ಹೇಳುವುದಿಲ್ಲ. 1906ರಲ್ಲಿ ರಾಬರ್ಟ್ ಬೀನ್ ಎಂಬ ಅಂಗರಚನಾಶಾಸ್ತ್ರಜ್ಞ, ಕಪ್ಪು ಜನರ ಮಿದುಳಿನ ಮುಂಭಾಗ ಬಿಳಿಯರದಕ್ಕಿಂತ ಚಿಕ್ಕದು ಎಂದು ಅಂಕಿಅಂಶಗಳ ಸಮೇತ ಪ್ರಕಟಿಸಿದರು. ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಅವರಿಗೆ ಹಿರಿಯರಾಗಿದ್ದ ಫ್ರಾಂಕ್ಲಿನ್ ಮಾಲ್ ಅವರಿಗೆ ಅನುಮಾನ ಬಂತು. ಯಾವ ಮಿದುಳು ಯಾರದು ಎಂದು ಅಳೆಯುವಾಗ ತನಗೇ ತಿಳಿಯದಂತೆ ಏರ್ಪಾಡು ಮಾಡಿಕೊಂಡು ಅವರು ಮತ್ತೆ ಅಳೆದರು. 1909ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಬೀನ್ ಹೇಳಿದ ವ್ಯತ್ಯಾಸ ಕಾಣೆಯಾಗಿತ್ತು. ಯಾವುದು ಚಿಕ್ಕದಿರಬೇಕು ಎಂದು ಮೊದಲೇ ಗೊತ್ತಿದ್ದ ಕಣ್ಣಿಗೆ ಅದು ಚಿಕ್ಕದಾಗಿಯೇ ಕಂಡಿತ್ತು.

ಅದಕ್ಕೂ ಮೊದಲು, 1896ರಲ್ಲಿ, ಪ್ರುಡೆನ್ಶಿಯಲ್ ವಿಮಾ ಕಂಪನಿಯ ಅಂಕಿಅಂಶ ತಜ್ಞ ಫ್ರೆಡರಿಕ್ ಹಾಫ್‌ಮನ್ ಒಂದು ಪುಸ್ತಕ ಬರೆದಿದ್ದರು. ಕಪ್ಪು ಜನರ ಮರಣ ಪ್ರಮಾಣ ಹೆಚ್ಚಿರುವುದಕ್ಕೆ ಅವರ ಜನಾಂಗದ ಗುಣವೇ ಕಾರಣ, ಈ ಜನ ನಶಿಸುವ ಹಾದಿಯಲ್ಲಿದ್ದಾರೆ ಎಂಬುದು ಅದರ ವಾದ. ಸಾವಿನ ಅಂಕಿಅಂಶ ಸುಳ್ಳಾಗಿರಲಿಲ್ಲ. 1900ರಲ್ಲಿ ಅಮೆರಿಕದ ಬಿಳಿಯರ ಸರಾಸರಿ ಆಯುಷ್ಯ 47.6 ವರ್ಷ, ಕಪ್ಪು ಜನರದು 33 ವರ್ಷ. ಈ ಅಂತರಕ್ಕೆ ಕೊಟ್ಟ ಕಾರಣ ಮಾತ್ರ ಸುಳ್ಳು. ಕಾಬ್ 1939ರಲ್ಲಿ ಇದಕ್ಕೆ ಉತ್ತರ ಬರೆದರು. ನಶಿಸುತ್ತಾರೆ ಎಂದ ಜನ 1860ರಲ್ಲಿ ಇದ್ದದ್ದು 44 ಲಕ್ಷ. 1930ರ ಜನಗಣತಿಯಲ್ಲಿ 1 ಕೋಟಿ 19 ಲಕ್ಷ.

ಇನ್ನು ಓವೆನ್ಸ್ ಅವರ ಹಿಮ್ಮಡಿಯ ವಿಷಯ. ಮೀನಖಂಡದ ಸ್ನಾಯು ಕೆಳಗಿಳಿಯುತ್ತ ಗಟ್ಟಿಯಾದ ನಾರಿನ ಹುರಿಯಾಗಿ ಹಿಮ್ಮಡಿ ಮೂಳೆಗೆ ಅಂಟಿಕೊಂಡಿದೆ. ಸ್ನಾಯು ಬಿಗಿದಾಗ ಹಿಮ್ಮಡಿ ಮೇಲೇಳುತ್ತದೆ, ದೇಹ ಮುಂದಕ್ಕೆ ಚಿಮ್ಮುತ್ತದೆ. ಹಾರೆಯ ಹಿಡಿ ಉದ್ದವಾದಷ್ಟೂ ಕಲ್ಲೆಬ್ಬಿಸುವುದು ಹಗುರವಾಗುವಂತೆ, ಹಿಮ್ಮಡಿ ಹಿಂದಕ್ಕೆ ಚಾಚಿದಷ್ಟೂ ಓಟಗಾರನಿಗೆ ಲಾಭ ಎಂಬುದು ಆ ಕಾಲದ ವಾದ. ಕಪ್ಪು ಜನರಲ್ಲಿ ಈ ಮೂಳೆ ಸರಾಸರಿ ಉದ್ದ, ಮೀನಖಂಡದ ತಿರುಳು ಗಿಡ್ಡ, ಹುರಿ ಉದ್ದ ಎಂದೂ ಹೇಳುತ್ತಿದ್ದರು.

ಓವೆನ್ಸ್ ಬೆಳೆದದ್ದು ಕಾಬ್ ಪಿಎಚ್.ಡಿ. ಮಾಡಿದ ಕ್ಲೀವ್‌ಲ್ಯಾಂಡಿನಲ್ಲೇ. ಕಾಬ್, ಓವೆನ್ಸ್ ಅವರ ಕಾಲನ್ನು ಅಳೆದು, ಪಾದದ ಎಕ್ಸ್‌ರೇ ನೋಡಿ, 1936ರ ಜನವರಿಯಲ್ಲಿ ಒಂದು ಲೇಖನ ಪ್ರಕಟಿಸಿದರು. ಯಾವುದನ್ನು ಕಪ್ಪು ಜನರ ಮಾದರಿ ಎನ್ನುತ್ತಿದ್ದರೋ ಆ ಮೀನಖಂಡವಾಗಲಿ, ಪಾದವಾಗಲಿ, ಹಿಮ್ಮಡಿಯಾಗಲಿ ಓವೆನ್ಸ್ ಅವರಿಗೆ ಇರಲಿಲ್ಲ. ಅಷ್ಟಕ್ಕೇ ಕಾಬ್ ನಿಲ್ಲಲಿಲ್ಲ. ಹೆಸರಾಂತ ಕಪ್ಪು ಓಟಗಾರರನ್ನೆಲ್ಲ ಒಟ್ಟಿಗಿಟ್ಟು ನೋಡಿದರು. ಎತ್ತರ, ಮೈಕಟ್ಟು, ಓಡುವ ಬಗೆ, ಕೊನೆಗೆ ಮೈಬಣ್ಣವೂ ಸೇರಿ ಎಲ್ಲರಿಗೂ ಸಮಾನವಾದ ಒಂದೇ ಒಂದು ಲಕ್ಷಣ ಸಿಗಲಿಲ್ಲ. ಗೆಲುವಿಗೆ ಕಾರಣ ತರಬೇತಿ ಮತ್ತು ಛಲ ಎಂದು ಅವರು ತೀರ್ಮಾನಿಸಿದರು.

ಇಲ್ಲಿರುವ ತರ್ಕ ಸರಳ, ಆದರೆ ಮರೆತುಹೋಗುವಂಥದು. ಎರಡು ಗುಂಪುಗಳ ಸರಾಸರಿಯಲ್ಲಿ ಕೂದಲೆಳೆಯ ವ್ಯತ್ಯಾಸ ಇರಬಹುದು. ಆದರೆ ಒಂದೊಂದು ಗುಂಪಿನ ಒಳಗೇ ಅದಕ್ಕಿಂತ ಎಷ್ಟೋ ದೊಡ್ಡ ವ್ಯತ್ಯಾಸಗಳಿರುತ್ತವೆ. ಹಾಗಾಗಿ ಸರಾಸರಿಯನ್ನು ಹಿಡಿದು ಎದುರಿಗಿರುವ ವ್ಯಕ್ತಿಯ ಮೂಳೆಯನ್ನು ಊಹಿಸಲಾಗದು. ಅವನ ಯೋಗ್ಯತೆಯನ್ನು ಊಹಿಸುವುದಂತೂ ದೂರದ ಮಾತು. ಲೇಖನ ಬಂದ ಏಳು ತಿಂಗಳಿಗೆ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಓವೆನ್ಸ್ ನಾಲ್ಕು ಚಿನ್ನ ಗೆದ್ದರು. ನಾಲ್ಕನೆಯ ಚಿನ್ನ ರಿಲೇ ಓಟದ್ದು. ಆ ತಂಡದಲ್ಲಿ ಇಬ್ಬರು ಕಪ್ಪು ಓಟಗಾರರು, ಇಬ್ಬರು ಬಿಳಿಯರು. ನಾಲ್ವರೂ ಸೇರಿ 39.8 ಸೆಕೆಂಡಿನ ವಿಶ್ವದಾಖಲೆ ಬರೆದರು.

ಇದೇ ಬಗೆಯ ಅಳತೆಯನ್ನು ನಮ್ಮ ನಾಡೂ ಕಂಡಿದೆ. 1901ರ ಜನಗಣತಿಯ ಹೊಣೆ ಹೊತ್ತಿದ್ದ ಬ್ರಿಟಿಷ್ ಅಧಿಕಾರಿ ರಿಸ್ಲಿ, ಮೂಗಿನ ಅಗಲ ಮತ್ತು ಉದ್ದದ ಅನುಪಾತದಿಂದ ಜಾತಿಯ ಸ್ಥಾನಮಾನ ತಿಳಿಯುತ್ತದೆ ಎಂದು ವಾದಿಸಿದ್ದರು. ಮದರಾಸು ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್‌ಟನ್ ಇದೇ ಉಪಕರಣ ಹಿಡಿದು ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳನ್ನು ಅಳೆದರು. ಮೂಗಿನ ಅಳತೆಗೂ ಜಾತಿಯ ಏಣಿಗೂ ಎಲ್ಲೆಡೆ ತಾಳೆಯಾಗುವುದಿಲ್ಲ ಎಂದು ಸಮಾಜಶಾಸ್ತ್ರಜ್ಞ ಘುರ್ಯೆ ತೋರಿಸಿದ್ದು 1932ರಲ್ಲಿ, ಕಾಬ್ ಡಾಕ್ಟರೇಟ್ ಪಡೆದ ವರ್ಷ. 1948ರಲ್ಲಿ ಅಂಬೇಡ್ಕರ್ ಅಸ್ಪೃಶ್ಯರ ಮೂಲ ಕುರಿತ ತಮ್ಮ ಪುಸ್ತಕದಲ್ಲಿ ಅದೇ ಅಂಕಿಗಳನ್ನು ಬಳಸಿ, ಬ್ರಾಹ್ಮಣ ಮತ್ತು ಅಸ್ಪೃಶ್ಯ ಬೇರೆ ಬೇರೆ ಜನಾಂಗ ಎಂಬ ವಾದವನ್ನು ತಳ್ಳಿಹಾಕಿದರು. ಎದುರಾಳಿ ತಂದ ಅಳತೆಗೋಲಿನಿಂದಲೇ ಅವನ ಮಾತನ್ನು ಅಳೆದು ತೋರಿಸುವ ದಾರಿಯನ್ನು ಕಾಬ್ ಮತ್ತು ಅಂಬೇಡ್ಕರ್ ಇಬ್ಬರೂ ಹಿಡಿದಿದ್ದರು.

ಈ ದಾರಿಗೆ ಒಂದು ಮಿತಿಯೂ ಇದೆ. ಎದುರಾಳಿಯ ಅಳತೆಗೋಲು ಹಿಡಿದವನಿಗೆ ಅವನ ಭಾಷೆಯೂ ಅಂಟಿಕೊಳ್ಳುತ್ತದೆ. ಜನಾಂಗಕ್ಕೊಂದು ದೇಹದ ಮಾದರಿ ಎಂಬ ಮಾತನ್ನು ಕಾಬ್ ಪೂರ್ತಿ ಬಿಟ್ಟುಕೊಡಲಿಲ್ಲ. ಗುಲಾಮಗಿರಿಯ ಕ್ರೌರ್ಯದಲ್ಲಿ ದುರ್ಬಲರು ಸತ್ತು ಗಟ್ಟಿಗರು ಉಳಿದರು, ಹಾಗಾಗಿ ಇಂದಿನ ಕಪ್ಪು ಅಮೆರಿಕನ್ನರು ಸದೃಢರು ಎಂಬ ಅರ್ಥದ ವಾದವನ್ನೂ ಅವರು ಮುಂದಿಟ್ಟಿದ್ದರು. ಇಂದಿನ ವಿಜ್ಞಾನ ಇದನ್ನು ಒಪ್ಪುವುದಿಲ್ಲ. ಕೀಳೆಂದವರಿಗೆ ಮೇಲೆಂದು ಉತ್ತರ ಕೊಟ್ಟರೂ ಚರ್ಚೆ ಜನಾಂಗದ ಚೌಕಟ್ಟಿನೊಳಗೇ ಉಳಿಯುತ್ತದೆ.

ಬಾಗಿಲಲ್ಲಿ ಕಾಯಿಲೆ

ಹಾಗಾದರೆ ಕಪ್ಪು ಜನ ಬೇಗ ಸಾಯುತ್ತಿದ್ದುದೇಕೆ? ಮೂಳೆಯಲ್ಲಿ ಉತ್ತರ ಇಲ್ಲ ಎಂದು ತೋರಿಸಿದ ಮೇಲೆ ಕಾಬ್ ಅದನ್ನು ಆಸ್ಪತ್ರೆಯ ಬಾಗಿಲಲ್ಲಿ ಹುಡುಕಿದರು. 1940ರ ದಶಕದ ಕೊನೆಯಲ್ಲಿ ಅವರು ಬರೆದ ಲೇಖನಗಳು ಒಂದು ಸರಪಳಿಯನ್ನು ಬಿಡಿಸಿಡುತ್ತವೆ.

ಆ ಕಾಲದ ಅಮೆರಿಕದಲ್ಲಿ ವೈದ್ಯನೊಬ್ಬ ರಾಷ್ಟ್ರಮಟ್ಟದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಸದಸ್ಯನಾಗಬೇಕಾದರೆ ಮೊದಲು ತನ್ನ ಕೌಂಟಿಯ ವೈದ್ಯರ ಸಂಘಕ್ಕೆ ಸೇರಬೇಕಿತ್ತು. ದಕ್ಷಿಣದ ರಾಜ್ಯಗಳಲ್ಲಿ ಈ ಸಂಘಗಳು ಕಪ್ಪು ವೈದ್ಯರನ್ನು ಸೇರಿಸುತ್ತಿರಲಿಲ್ಲ. ಸಂಘದ ಸದಸ್ಯತ್ವ ಇಲ್ಲದವರಿಗೆ ಅನೇಕ ಆಸ್ಪತ್ರೆಗಳು ರೋಗಿಗಳನ್ನು ದಾಖಲಿಸಿ ನೋಡಿಕೊಳ್ಳುವ ಅನುಮತಿ ಕೊಡುತ್ತಿರಲಿಲ್ಲ. ಪರಿಣಾಮ ಹೀಗಿತ್ತು: ಕಪ್ಪು ವೈದ್ಯ ತನ್ನ ಕ್ಲಿನಿಕ್ಕಿನಲ್ಲಿ ವರ್ಷಗಟ್ಟಲೆ ನೋಡಿದ ರೋಗಿಗೆ ಆಪರೇಷನ್ ಬೇಕಾದರೆ ಅಪರಿಚಿತ ಬಿಳಿಯ ವೈದ್ಯನ ಕೈಗೆ ಒಪ್ಪಿಸಬೇಕು, ಅದೂ ಆಸ್ಪತ್ರೆ ಸೇರಿಸಿಕೊಂಡರೆ. ದೊಡ್ಡ ಆಸ್ಪತ್ರೆಯ ಅನುಭವ ಇಲ್ಲದ ವೈದ್ಯ ತಜ್ಞನಾಗುವುದಿಲ್ಲ. ತಜ್ಞನಲ್ಲದವನನ್ನು ಯೋಗ್ಯತೆ ಸಾಲದು ಎಂದು ಹೊರಗಿಡುವುದು ಸುಲಭ. ಸರಪಳಿ ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿತ್ತು.

ಇದಕ್ಕೆ ಸರ್ಕಾರದ ಮುದ್ರೆಯೂ ಬಿತ್ತು. ದೇಶದಾದ್ಯಂತ ಆಸ್ಪತ್ರೆ ಕಟ್ಟಲು ಕೇಂದ್ರದ ಅನುದಾನ ಕೊಡುವ ಹಿಲ್-ಬರ್ಟನ್ ಕಾಯ್ದೆ 1946ರಲ್ಲಿ ಬಂದಾಗ, ಕಪ್ಪು ಜನ, ಬಿಳಿಯರು ಇಬ್ಬರಿಗೂ ಸಮಾನ ಸೌಲಭ್ಯ ಇದ್ದರೆ ಪ್ರತ್ಯೇಕ ಆಸ್ಪತ್ರೆಗಳಿಗೆ ಅಡ್ಡಿಯಿಲ್ಲ ಎಂಬ ಅವಕಾಶವನ್ನು ಅದರಲ್ಲಿ ಸೇರಿಸಿದರು. ತೆರಿಗೆ ಎಲ್ಲರದು, ಹಾಸಿಗೆ ಕೆಲವರದು.

ಕಾಬ್ ತಮ್ಮೂರಿನಿಂದಲೇ ಕೆಲಸ ಶುರುಮಾಡಿದರು. ವಾಷಿಂಗ್ಟನ್ನಿನ ನಗರಾಡಳಿತದ ಗ್ಯಾಲಿಂಜರ್ ಆಸ್ಪತ್ರೆಯ ರೋಗಿಗಳಲ್ಲಿ ಬಹುಪಾಲು ಕಪ್ಪು ಜನ, ಆದರೆ ಕಪ್ಪು ವೈದ್ಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹೋರಾಟದ ಫಲವಾಗಿ 1948ರಲ್ಲಿ ಆ ಬಾಗಿಲು ತೆರೆಯಿತು. 1949ರಲ್ಲಿ ಅವರು ಕಪ್ಪು ವೈದ್ಯರ ಸಂಘಟನೆಯಾದ ನ್ಯಾಷನಲ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯ ಸಂಪಾದಕರಾದರು. 1977ರವರೆಗೂ ಆ ಕುರ್ಚಿ ಬಿಡಲಿಲ್ಲ. ಮರೆತುಹೋದ ಕಪ್ಪು ವೈದ್ಯರ ಜೀವನಚರಿತ್ರೆ, ಆಸ್ಪತ್ರೆಗಳ ತಾರತಮ್ಯದ ವರದಿ, ಕಾನೂನಿನ ಸುದ್ದಿ ಎಲ್ಲವೂ ಅಲ್ಲಿ ಅಚ್ಚಾದವು. ಅವರ ಒಟ್ಟು ಬರಹಗಳು 1,100ಕ್ಕೂ ಹೆಚ್ಚು.

1957ರಲ್ಲಿ ಅವರು ಆಸ್ಪತ್ರೆಗಳಲ್ಲಿನ ಪ್ರತ್ಯೇಕತೆ ಕೊನೆಗಾಣಿಸುವ ಸಲುವಾಗಿ ರಾಷ್ಟ್ರೀಯ ಸಮ್ಮೇಳನ ಕರೆದು, ಅದಕ್ಕೆ ಪ್ರಾಚೀನ ಈಜಿಪ್ಟಿನ ವೈದ್ಯ ಇಮ್‌ಹೋಟೆಪ್‌ನ ಹೆಸರಿಟ್ಟರು. ಅದೇ ವರ್ಷ ಅಮೆರಿಕದ ಭೌತಿಕ ಮಾನವಶಾಸ್ತ್ರಜ್ಞರ ಸಂಘ ಅವರನ್ನು ತನ್ನ ಮೊದಲ ಕಪ್ಪು ಅಧ್ಯಕ್ಷರನ್ನಾಗಿ ಆರಿಸಿತ್ತು. ವಿಜ್ಞಾನಿಗಳು ಅವರನ್ನು ತಲೆಯ ಮೇಲೆ ಕೂರಿಸಿಕೊಂಡರೂ ವೈದ್ಯ ಜಗತ್ತು ಮಾತ್ರ ಕಿವಿಗೊಡಲಿಲ್ಲ. 1963ರವರೆಗೆ ಪ್ರತಿವರ್ಷ ಸಮ್ಮೇಳನ ನಡೆಯಿತು. ತಾರತಮ್ಯ ಕೈಬಿಡುವ ಅಧಿಕಾರ ಯಾರ ಕೈಯಲ್ಲಿತ್ತೋ ಆ ದೊಡ್ಡ ಸಂಘಟನೆಗಳು ಬಹುಮಟ್ಟಿಗೆ ದೂರವೇ ಉಳಿದವು.

ಒಂದು ಹಲ್ಲುನೋವು, ಒಂದು ಷರತ್ತು

ಬಾಗಿಲು ಅಲುಗಾಡಿದ್ದು ಬೇರೆ ಕಡೆಯಿಂದ. ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬೊರೊದಲ್ಲಿ ಜಾರ್ಜ್ ಸಿಮ್‌ಕಿನ್ಸ್ ಎಂಬ ಕಪ್ಪು ದಂತವೈದ್ಯರ ಬಳಿಗೆ, ದವಡೆ ಹಲ್ಲು ಕೀವಾಗಿ ಜ್ವರ ಬಂದ ರೋಗಿಯೊಬ್ಬ ಬಂದ. ಆಸ್ಪತ್ರೆಗೆ ಸೇರಿಸಬೇಕಿತ್ತು. ಕಪ್ಪು ಜನರ ಆಸ್ಪತ್ರೆಯಲ್ಲಿ ಹಾಸಿಗೆಗೆ ವಾರಗಟ್ಟಲೆ ಕಾಯಬೇಕು. ಅದೇ ಊರಿನಲ್ಲಿ ಸಾರ್ವಜನಿಕ ಅನುದಾನ ಪಡೆದ ಮೋಸೆಸ್ ಕೋನ್ ಮತ್ತು ವೆಸ್ಲಿ ಲಾಂಗ್ ಆಸ್ಪತ್ರೆಗಳಿದ್ದವು, ಆದರೆ ಆ ರೋಗಿಗೆ ಜಾಗ ಸಿಗಲಿಲ್ಲ. 1962ರಲ್ಲಿ ಸಿಮ್‌ಕಿನ್ಸ್ ಮತ್ತು ಇತರರು ಮೊಕದ್ದಮೆ ಹೂಡಿದರು. 1963ರ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ, ಸರ್ಕಾರದ ಹಣ ಪಡೆದ ಆಸ್ಪತ್ರೆಗಳು ಹೀಗೆ ಭೇದ ಮಾಡುವಂತಿಲ್ಲ ಎಂದು ತೀರ್ಪಿತ್ತು. ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ನಿರಾಕರಿಸಿತು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಅಧ್ಯಾಯ ಇದೇ ತತ್ವವನ್ನು ಕೇಂದ್ರದ ಹಣ ಪಡೆಯುವ ಎಲ್ಲ ಸಂಸ್ಥೆಗಳಿಗೂ ಹಿಗ್ಗಿಸಿತು.

ಮಾರನೇ ವರ್ಷ, 1965ರ ಜುಲೈ 30ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ 65 ದಾಟಿದವರಿಗೆ ಸರ್ಕಾರಿ ಆರೋಗ್ಯ ವಿಮೆ ಕೊಡುವ ಮೆಡಿಕೇರ್ ಕಾಯ್ದೆಗೆ ಸಹಿ ಹಾಕಿದರು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಅದನ್ನು ಬಲವಾಗಿ ವಿರೋಧಿಸಿತ್ತು. ಕಾಬ್ ಅಧ್ಯಕ್ಷರಾಗಿದ್ದ ನ್ಯಾಷನಲ್ ಮೆಡಿಕಲ್ ಅಸೋಸಿಯೇಷನ್ ಬೆಂಬಲಿಸಿತ್ತು. ಸಹಿಯ ಸಮಾರಂಭಕ್ಕೆ ಕಾಬ್ ಅವರನ್ನೂ ಕರೆಸಿದ್ದರು.

ಮೆಡಿಕೇರ್ ಹಣ ಬೇಕಾದರೆ ಆಸ್ಪತ್ರೆ ಆರನೇ ಅಧ್ಯಾಯವನ್ನು ಪಾಲಿಸುತ್ತಿದೆ ಎಂದು ಮೊದಲು ಸಾಬೀತಾಗಬೇಕಿತ್ತು. ಸರ್ಕಾರದ ತಪಾಸಕರು ಊರೂರಿಗೆ ಹೋಗಿ ವಾರ್ಡ್, ಕಾಯುವ ಜಾಗ, ವೈದ್ಯರ ಪಟ್ಟಿ ಪರಿಶೀಲಿಸಿದರು. ವೃದ್ಧ ರೋಗಿಗಳ ಬಿಲ್ಲು ಸರ್ಕಾರವೇ ಕಟ್ಟುವುದನ್ನು ಬಿಟ್ಟುಕೊಡುವ ಧೈರ್ಯ ಹೆಚ್ಚು ಆಸ್ಪತ್ರೆಗಳಿಗೆ ಇರಲಿಲ್ಲ. ಕೆಲವೇ ತಿಂಗಳಲ್ಲಿ ಸುಮಾರು ಸಾವಿರ ಆಸ್ಪತ್ರೆಗಳು ಭೇದ ಕೈಬಿಟ್ಟವು. ಏಳು ಸಮ್ಮೇಳನಗಳ ಮನವಿಗೆ ಜಗ್ಗದ ಬಾಗಿಲು ಒಂದು ಷರತ್ತಿಗೆ ತೆರೆದುಕೊಂಡಿತು.

ಮುಂದಿನ ವರ್ಷಗಳಲ್ಲಿ ಗ್ರಾಮೀಣ ಮಿಸಿಸಿಪ್ಪಿಯಲ್ಲಿ, ಹುಟ್ಟಿ ಒಂದು ತಿಂಗಳು ದಾಟಿದ ಕಪ್ಪು ಶಿಶುಗಳ ಮರಣ ಗಣನೀಯವಾಗಿ ಇಳಿಯಿತು. ಇಳಿಕೆ ಹೆಚ್ಚಾಗಿ ಕಂಡದ್ದು ಭೇದಿ ಮತ್ತು ನ್ಯುಮೋನಿಯಾದಂಥ, ಆಸ್ಪತ್ರೆ ಸೇರಿದರೆ ಉಳಿಸಬಹುದಾದ ಕಾಯಿಲೆಗಳಲ್ಲಿ. ಮಕ್ಕಳ ಜನಾಂಗ ಬದಲಾಗಿರಲಿಲ್ಲ, ಆಸ್ಪತ್ರೆಯ ನಿಯಮ ಬದಲಾಗಿತ್ತು. ಹಾಫ್‌ಮನ್ ಅವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಯಾವ ಪ್ರಯೋಗಾಲಯದಲ್ಲೂ ತಯಾರಾಗಲಾರದು.

ಮೇಷ್ಟರ ಎರಡು ಮುಖ

ಕಾಬ್ ಪಾಠ ಹೇಳಿದ ವಿದ್ಯಾರ್ಥಿಗಳು ಆರು ಸಾವಿರಕ್ಕೂ ಹೆಚ್ಚು. ಚಿತ್ರಕಲೆ, ಸಾಹಿತ್ಯ, ಇತಿಹಾಸ ಎಲ್ಲವನ್ನೂ ಶವಚ್ಛೇದನದ ಮೇಜಿಗೆ ತರುತ್ತಿದ್ದ ಮೇಷ್ಟರು ಅವರು. ಆದರೆ 1969ರಲ್ಲಿ ವಿದ್ಯಾರ್ಥಿಗಳು ಅವರ ವಿರುದ್ಧವೇ ದಂಗೆಯೆದ್ದರು. ಈ ಪಾಠದಿಂದ ರಾಷ್ಟ್ರಮಟ್ಟದ ಪರೀಕ್ಷೆಗೆ ಬೇಕಾದ ತಯಾರಿ ಆಗುತ್ತಿಲ್ಲ ಎಂಬುದು ಅವರ ದೂರು. 1947ರಿಂದ ಇದ್ದ ವಿಭಾಗದ ಮುಖ್ಯಸ್ಥನ ಸ್ಥಾನವನ್ನು ಕಾಬ್ ಬಿಡಬೇಕಾಯಿತು. ವಿಶ್ವವಿದ್ಯಾಲಯ ಅವರಿಗೆ ವಿಶೇಷ ಪ್ರಾಧ್ಯಾಪಕರ ಗೌರವ ಕೊಟ್ಟಿತು. 1976ರಿಂದ 1982ರವರೆಗೆ ಅವರು ಅಮೆರಿಕದ ಹಳೆಯ ನಾಗರಿಕ ಹಕ್ಕು ಸಂಘಟನೆ ಎನ್‌ಎಎಸಿಪಿಯ ಅಧ್ಯಕ್ಷರಾಗಿದ್ದರು. 1990ರಲ್ಲಿ ತೀರಿಕೊಂಡರು.

ಅವರು ಬಿಟ್ಟುಹೋದ ನೂರಾರು ಅಸ್ಥಿಪಂಜರಗಳ ಬಗ್ಗೆಯೂ ನೇರವಾಗಿ ಮಾತಾಡಬೇಕು. ಅವು ಹೆಚ್ಚಾಗಿ ವೈದ್ಯಕೀಯ ಕಾಲೇಜಿನ ಮೇಜಿಗೆ ಬಂದ ಬಡವರವು, ಯಾರೂ ಕೇಳಿಕೊಂಡು ಬಾರದವರವು. ಅವರ ಒಪ್ಪಿಗೆ ಯಾರೂ ಕೇಳಿರಲಿಲ್ಲ. ಬಡತನ ಮತ್ತು ರೋಗ ಮೂಳೆಯ ಮೇಲೆ ಬಿಡುವ ಗುರುತುಗಳನ್ನು ಓದಲು ಆ ಸಂಗ್ರಹ ಇಂದಿಗೂ ನೆರವಾಗುತ್ತಿದೆ ಎಂಬುದು ನಿಜ. ಆ ಋಣ ಯಾರದು ಎಂಬ ಪ್ರಶ್ನೆಯೂ ಅಷ್ಟೇ ನಿಜ. 1991ರಲ್ಲಿ ನ್ಯೂಯಾರ್ಕಿನಲ್ಲಿ ಗುಲಾಮರ ಕಾಲದ ಆಫ್ರಿಕನ್ನರ ಸ್ಮಶಾನ ಪತ್ತೆಯಾದಾಗ ಅಲ್ಲಿನ 419 ಜನರ ಅವಶೇಷಗಳ ಅಧ್ಯಯನ ನಡೆದದ್ದು ಹೋವರ್ಡ್‌ನಲ್ಲೇ. ಅಧ್ಯಯನ ಮುಗಿದ ಮೇಲೆ, 2003ರಲ್ಲಿ, ಅವನ್ನು ಗೌರವದಿಂದ ಮರಳಿ ಮಣ್ಣು ಮಾಡಿದರು. ಎಲುಬು ಮಾಹಿತಿ ಕೊಟ್ಟಿದ್ದಕ್ಕೆ ವಿಜ್ಞಾನ ಏನು ಹಿಂದಿರುಗಿಸಬೇಕು ಎಂಬ ತಿಳಿವು ಒಂದು ತಲೆಮಾರಿನಲ್ಲಿ ಅಷ್ಟು ಮುಂದೆ ಸಾಗಿತ್ತು.

ಅಮೆರಿಕದಲ್ಲಿ ಇಂದಿಗೂ ಹೆರಿಗೆಯ ಸಂಬಂಧವಾಗಿ ಸಾಯುವ ಕಪ್ಪು ಹೆಂಗಸರ ಪ್ರಮಾಣ ಬಿಳಿಯರದರ ಸುಮಾರು ಮೂರು ಪಟ್ಟು. ಇಂಥ ಸುದ್ದಿ ಬಂದಾಗಲೆಲ್ಲ ವಂಶವಾಹಿಯ ಕಡೆ ಬೆರಳು ತೋರಿಸುವವರು ಸಿಕ್ಕೇ ಸಿಗುತ್ತಾರೆ. ಅದು ಅಮೆರಿಕದ ಸುದ್ದಿಯಿರಲಿ, ಇನ್ನಾವುದೋ ಸಮುದಾಯದ ಬಗ್ಗೆ ನಮ್ಮಲ್ಲಿ ಕೇಳಿಬರುವ ಮಾತಿರಲಿ, ಓದುಗ ಮೂರು ಪ್ರಶ್ನೆ ಕೇಳಬೇಕು. ಅಳೆದವರಿಗೆ ಉತ್ತರ ಮೊದಲೇ ಗೊತ್ತಿತ್ತೇ? ಸರಾಸರಿಯನ್ನು ಒಬ್ಬೊಬ್ಬರ ತಲೆಗೂ ಕಟ್ಟುತ್ತಿದ್ದಾರೆಯೇ? ಆ ಜನ ಚಿಕಿತ್ಸೆಗೆ ಹೋದಾಗ ಬಾಗಿಲು ತೆರೆದಿತ್ತೇ, ಖರ್ಚು ಯಾರು ಕೊಟ್ಟರು? ಮೊದಲ ಎರಡಕ್ಕೆ ವಿಜ್ಞಾನಿ ಉತ್ತರಿಸಬಲ್ಲ. ಮೂರನೆಯದಕ್ಕೆ ಬಜೆಟ್ ಬರೆಯುವವರು, ಅನುದಾನಕ್ಕೆ ಷರತ್ತು ಹಾಕುವವರು ಉತ್ತರಿಸಬೇಕು. ಮೊದಲೆರಡಕ್ಕೆ 1936ರಲ್ಲೇ ಉತ್ತರ ಕೊಟ್ಟಿದ್ದ ಕಾಬ್, ಮೂರನೆಯದಕ್ಕಾಗಿ ಸುಮಾರು ಮೂವತ್ತು ವರ್ಷ ಕಾದರು. ಪುರಾವೆ ಕೈಯಲ್ಲಿದ್ದ ಆ ಮೂವತ್ತು ವರ್ಷಗಳಲ್ಲೂ ಆಸ್ಪತ್ರೆಗಳಿಗೆ ಸಾರ್ವಜನಿಕ ಹಣ ಹರಿಯುತ್ತಲೇ ಇತ್ತು. ಷರತ್ತನ್ನು ಮೊದಲೇ ಹಾಕಬಹುದಿತ್ತು.